ಇರುವೆ ಗೂಡಿನಲ್ಲಿ ದುಡಿಯೋದು ಯಾರು: ಗುಂಪೋ, ಒಂದೊಂದು ಇರುವೆಯೋ?

ಹಿತ್ತಿಲಗಿಡ:

ನಿನ್ನೆ ಮಧ್ಯಾಹ್ನ ಗೋಡೆಯ ಬುಡದಲ್ಲಿ ಇರುವೆಗಳು ಒಂದು ಸತ್ತ ಜಿರಲೆಯನ್ನು ಎಳೆದುಕೊಂಡು ಹೋಗುತ್ತಿದ್ದವು. ಮುಕ್ಕಾಲು ಗಂಟೆ ಅಲ್ಲೇ ಕೂತು ನೋಡಿದೆ. ನಿಂತು ನೋಡಿದಾಗ ಎಂಥ ಒಗ್ಗಟ್ಟು ಅನ್ನಿಸಿತ್ತು. ಬಗ್ಗಿ ನೋಡಿದ ಮೇಲೆ ತಲೆ ಕೆಟ್ಟುಹೋಯಿತು. ಒಂದಿಷ್ಟು ಇರುವೆಗಳು ಗೂಡಿನ ಕಡೆ ಎಳೆಯುತ್ತಿದ್ದವು. ಎರಡು ಮೂರು ಅದಕ್ಕೆ ತದ್ವಿರುದ್ಧ ಎಳೆಯುತ್ತಿದ್ದವು. ಕೆಲವು ಜಿರಲೆಯ ಮೇಲೆ ಹತ್ತಿ, ಇಳಿದು, ಹೊರಟೇಹೋದವು. ಇನ್ನೂ ಕೆಲವು ಏನನ್ನೂ ಮುಟ್ಟದೆ ಸುತ್ತ ಓಡಾಡುತ್ತಿದ್ದವು. ಇಷ್ಟೆಲ್ಲ ಆದರೂ ಜಿರಲೆ ಮಾತ್ರ ಮುಂದೆ ಹೋಗುತ್ತಲೇ ಇತ್ತು.

ಇರುವೆ ಹಾಗೆ ದುಡಿ ಅಂತ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೇವೆ, ಅಲ್ವಾ? ಎಲ್ಲ ಇರುವೆಗಳೂ ನಿಜವಾಗಿ ದುಡಿಯುತ್ತವಾ? ಕೆಲಸ ಆಗೋದು ಎಲ್ಲರೂ ಕೈಜೋಡಿಸಿದ್ದರಿಂದಲೋ, ಮಧ್ಯದಲ್ಲಿ ಇರುವ ನಾಲ್ಕು ಚುರುಕು ಇರುವೆಗಳಿಂದಲೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಂಜೆಮಲ್ಲಿಗೆ:

ಇದರಲ್ಲಿ ಅನುಮಾನ ಯಾಕೆ? ಒಗ್ಗಟ್ಟಿನಿಂದಲೇ. ಆಳೆತ್ತರದ ಹುತ್ತ ನೋಡಿ. ಒಂಟಿ ಇರುವೆಯ ಕೈಲಿ ಅದು ಆಗುತ್ತಾ? ರಾಣಿ ಹೇಳಿದ ಹಾಗೆ ಎಲ್ಲವೂ ಕೇಳುತ್ತವೆ. ಒಂದೇ ಮನಸ್ಸಿನಿಂದ ಕೆಲಸ ಮಾಡುತ್ತವೆ.

ಗೊದ್ದ:

ಸಂಜೆಮಲ್ಲಿಗೆ ಅವರೇ, ಎರಡು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಹುತ್ತ ಕಟ್ಟುವುದು ಗೆದ್ದಲು. ಅದನ್ನು ಬಿಳಿ ಇರುವೆ ಅಂತ ಕರೆದರೂ ಅದು ಇರುವೆ ಅಲ್ಲ. ಗೆದ್ದಲು ಜಿರಲೆಯ ನೆಂಟ. ಇರುವೆ ಕಣಜ ಮತ್ತು ಜೇನುನೊಣಗಳ ಕಡೆಯದು.

ಎರಡನೆಯದು ರಾಣಿಯ ವಿಷಯ. ರಾಣಿ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಅವಳ ಕೆಲಸ ಮೊಟ್ಟೆ ಇಡುವುದು. ಹೆಸರಿನಲ್ಲಿ ರಾಣಿ ಅಂತ ಇರೋದರಿಂದ ನಾವು ಅರಮನೆ, ದರ್ಬಾರು ಎಲ್ಲ ಕಲ್ಪಿಸಿಕೊಳ್ಳುತ್ತೇವೆ. ಗೂಡಿನಲ್ಲಿ ಮೇಸ್ತ್ರಿ ಇಲ್ಲ, ಯಜಮಾನ ಇಲ್ಲ.

ಹಾಗಾದರೆ ಯಾರು ಯಾವಾಗ ಹೊರಗೆ ಹೋಗಬೇಕು ಅಂತ ತೀರ್ಮಾನ ಆಗೋದು ಹೇಗೆ? ಅಮೆರಿಕದ ಡೆಬೊರಾ ಗಾರ್ಡನ್ ಇದನ್ನೇ ದಶಕಗಳ ಕಾಲ ನೋಡಿದ್ದಾರೆ. ಅರಿಜೋನಾದ ಮರುಭೂಮಿಯಲ್ಲಿ ಕಾಳು ಆಯುವ ಇರುವೆಗಳಿವೆ. ಕಾಳು ತರಲು ಹೋಗಬೇಕಾದ ಇರುವೆ ಗೂಡಿನ ಬಾಯಿಯ ಹತ್ತಿರ ಕಾಯುತ್ತದೆ. ಕಾಳು ಕಚ್ಚಿಕೊಂಡು ಬಂದ ಇರುವೆಗಳು ಅದನ್ನು ದಾಟಿ ಒಳಗೆ ಹೋಗುತ್ತವೆ. ಆಗ ಕುಡಿಮೀಸೆಗಳು ತಾಕುತ್ತವೆ. ಇಂಥ ತಾಕು ಬೇಗ ಬೇಗ ಸಿಕ್ಕರೆ ಹೊರಗೆ ಕಾಳು ಜಾಸ್ತಿ ಇದೆ ಅಂತ ಅರ್ಥ, ಅದು ಹೊರಡುತ್ತದೆ. ಅಪರೂಪಕ್ಕೆ ಸಿಕ್ಕರೆ ಕೂತೇ ಇರುತ್ತದೆ. ಅಷ್ಟೇ ಲೆಕ್ಕ. ಗಾಜಿನ ಪುಟ್ಟ ಮಣಿಗಳಿಗೆ ಇರುವೆ ಮೈಯ ವಾಸನೆ ಹಚ್ಚಿ ಗೂಡಿನ ಬಾಯಿಗೆ ಹಾಕಿದಾಗಲೂ ಒಳಗಿನ ಇರುವೆಗಳು ಹೊರಗೆ ಬಂದವಂತೆ. ಮಣಿಯೇ ಸಾಕಾಯಿತು ನೋಡಿ!

ಲೆಕ್ಕದಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಎಳೆಯುವ ಮಾತು ಬಂದದ್ದರಿಂದ ನಾನು ಬಲದ ಲೆಕ್ಕ ಹೇಳುತ್ತೇನೆ.

ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಎಂಜಿನಿಯರ್ ಮನುಷ್ಯರ ಕೈಯಲ್ಲಿ ಹಗ್ಗ ಎಳೆಸಿ ಬಲ ಅಳೆದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಹೆಚ್ಚಾದ ಹಾಗೆ ಒಟ್ಟು ಬಲ ಹೆಚ್ಚುತ್ತದೆ, ಸರಿ. ಆದರೆ ತಲಾ ಬಲ ಇಳಿಯುತ್ತಾ ಹೋಗುತ್ತದೆ. ಎಂಟು ಜನ ಸೇರುವ ಹೊತ್ತಿಗೆ ಒಬ್ಬೊಬ್ಬರ ಪಾಲು ಅವರು ಒಂಟಿಯಾಗಿ ಎಳೆದದ್ದರ ಅರ್ಧದ ಆಸುಪಾಸಿಗೆ ಬಂದಿತ್ತು. ಸ್ವಲ್ಪ ಭಾಗ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೆ ಇರೋದರಿಂದ. ಸ್ವಲ್ಪ ಭಾಗ, ಪಕ್ಕದವನು ಎಳೀತಾನೆ ಬಿಡು ಅನ್ನೋದರಿಂದ.

ಈಗ ಇರುವೆಗೆ ಬನ್ನಿ. ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ, ಚಗಳಿ ಅಂತಾರಲ್ಲ, ಅದು. ಅವು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಸರಪಳಿ ಮಾಡಿಕೊಂಡು ಎಲೆಯನ್ನು ಬಗ್ಗಿಸುತ್ತವೆ. ಎಲೆಯ ಅಂಚುಗಳು ಹತ್ತಿರ ಬಂದಾಗ ಬೇರೆ ಇರುವೆಗಳು ತಮ್ಮ ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಅವುಗಳಿಂದ ಬರುವ ರೇಷ್ಮೆ ಎಳೆಯಿಂದ ಹೊಲಿಗೆ ಹಾಕುತ್ತವೆ. ಆಸ್ಟ್ರೇಲಿಯಾದ ಸಂಶೋಧಕರು ಕಾಗದದ ಎಲೆಯೊಂದನ್ನು ಬಲ ಅಳೆಯುವ ಸಾಧನಕ್ಕೆ ಕಟ್ಟಿ ಈ ಇರುವೆಗಳ ಮುಂದೆ ಇಟ್ಟರು. ಫಲಿತಾಂಶ 2025ರಲ್ಲಿ ಬಂತು. ಗುಂಪು ದೊಡ್ಡದಾದ ಹಾಗೆ ಒಂದೊಂದು ಇರುವೆಯ ಪಾಲಿನ ಬಲ ಹೆಚ್ಚಾಗುತ್ತಾ ಹೋಗಿ ಸುಮಾರು ದುಪ್ಪಟ್ಟಾಗಿತ್ತು. ರಿಂಗಲ್‌ಮನ್ ಕಂಡದ್ದಕ್ಕೆ ಪೂರ್ತಿ ಉಲ್ಟಾ!

ಇದು ಮನೋಬಲದ ಮಾತಲ್ಲ, ನಿಲ್ಲುವ ಕ್ರಮದ ಮಾತು. ಸರಪಳಿಯ ಮುಂದಿನ ಇರುವೆಗಳು ಎಳೆಯುತ್ತವೆ. ಹಿಂದಿನವು ಮೈ ಚಾಚಿ, ಕಾಲೂರಿ, ಬಂದ ಎಳೆತ ಜಾರದ ಹಾಗೆ ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನವು ಎಳೆದು ಗಳಿಸಿದ್ದು ವಾಪಸ್ ಹೋಗುವುದಿಲ್ಲ. ಹಿತ್ತಿಲಗಿಡ ಅವರೇ, ಮೇಲಿಂದ ನೋಡಿದರೆ ಆ ಹಿಂದಿನ ಇರುವೆ ಸುಮ್ನೆ ನಿಂತ ಹಾಗೇ ಕಾಣುತ್ತದೆ.

ಹಿತ್ತಿಲಗಿಡ:

ಮೇಷ್ಟ್ರೇ, ಇದು ಓದಿ ಮೈ ಜುಮ್ಮೆಂದಿತು. ಆದರೆ ನಾನು ನೋಡಿದ್ದರಲ್ಲಿ ಸರಪಳಿ ಇರಲಿಲ್ಲ. ಜಿರಲೆಯ ಸುತ್ತಲೂ ಹಿಡಿದಿದ್ದವು. ಓಡಾಡಿಕೊಂಡಿದ್ದ ಇರುವೆಗಳಿಗೂ ಉತ್ತರ ಸಿಗಲಿಲ್ಲ.

ಮುಂಜಾವು:

ಓಡಾಡುವವುಗಳ ಬಗ್ಗೆ ನನಗೆ ಸ್ವಲ್ಪ ಗೊತ್ತು. ಅದಕ್ಕಿಂತ ಮೊದಲು ಏನೂ ಮಾಡದ ಇರುವೆಗಳ ಬಗ್ಗೆ ಹೇಳಬೇಕು. ಈ ವಿಷಯ ನನಗೆ ತುಂಬ ಹಿಡಿಸಿದ್ದು.

ಕಲ್ಲಿನ ಬಿರುಕಿನಲ್ಲಿ ಬದುಕುವ ಟೆಮ್ನೊತೊರಾಕ್ಸ್ ಎಂಬ ಚಿಕ್ಕ ಇರುವೆಗಳಿವೆ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಶಾರ್ಬೊನೊ ಮತ್ತು ಆನಾ ಡಾರ್ನ್‌ಹೌಸ್ ಒಂದೊಂದು ಇರುವೆಯ ಮೈಮೇಲೂ ಬಣ್ಣದ ಚುಕ್ಕಿ ಇಟ್ಟು ವಿಡಿಯೊ ಮಾಡಿದರು. ಗೂಡಿನ ಸುಮಾರು 40 ಶೇಕಡಾ ಇರುವೆಗಳು ಹೆಚ್ಚಿನ ಹೊತ್ತು ಸುಮ್ಮನೆ ಇರುತ್ತಿದ್ದವು. ದಣಿವಾರಿಸಿಕೊಳ್ಳುವುದಲ್ಲ, ದಿನವೂ ಹಾಗೇ.

2017ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅತಿ ಚುರುಕಾದ 20 ಶೇಕಡಾ ಇರುವೆಗಳನ್ನು ಗೂಡಿನಿಂದ ತೆಗೆದರು. ವಾರದೊಳಗೆ ಸುಮ್ಮನಿದ್ದವುಗಳಲ್ಲಿ ಕೆಲವು ಎದ್ದು ಆ ಕೆಲಸ ಹಿಡಿದವು. ಬೇರೆ ಗೂಡುಗಳಲ್ಲಿ ಸುಮ್ಮನಿರುವ 20 ಶೇಕಡಾವನ್ನೇ ತೆಗೆದರು. ಆಗ ಅವುಗಳ ಜಾಗಕ್ಕೆ ಯಾರೂ ಬರಲಿಲ್ಲ. ಚುರುಕಿನವು ಚುರುಕಾಗಿಯೇ ಉಳಿದವು. ಅಂದರೆ ಈ ಇರುವೆಗಳು ಗೂಡಿನ ಕೂಡಿಟ್ಟ ಬಲ. ಕಷ್ಟಕಾಲಕ್ಕೆ ಅಂತ ತೆಗೆದಿಟ್ಟ ದುಡ್ಡಿನ ಹಾಗೆ. ಅವನ್ನು ಸೋಮಾರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗೊದ್ದ:

ಮುಂಜಾವು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಬೆಂಕಿ ಇರುವೆಗಳು ಸುರಂಗ ತೋಡುವುದನ್ನು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಡೇನಿಯಲ್ ಗೋಲ್ಡ್‌ಮನ್ ತಂಡ ನೋಡಿತ್ತು. 2018ರಲ್ಲಿ ಪ್ರಕಟವಾಯಿತು. ಒಂದು ಪಾತ್ರೆಗೆ 30 ಇರುವೆ. 70 ಶೇಕಡಾ ಕೆಲಸ ಮಾಡಿದ್ದು 30 ಶೇಕಡಾ ಇರುವೆಗಳು. ಚೆನ್ನಾಗಿ ತೋಡುತ್ತಿದ್ದ ಐದನ್ನು ತೆಗೆದರೂ ಕೆಲಸ ನಿಲ್ಲಲಿಲ್ಲ. ಬೇರೆಯವು ಶುರು ಮಾಡಿದವು.

ಸುರಂಗ ಎಷ್ಟು ಅಗಲ ಇರುತ್ತೆ ಹೇಳಿ? ಎರಡು ಇರುವೆ ಕಷ್ಟಪಟ್ಟು ದಾಟುವಷ್ಟು. ಮೂವತ್ತೂ ಒಟ್ಟಿಗೆ ನುಗ್ಗಿದರೆ ದಾರಿ ಕಟ್ಟಿಕೊಳ್ಳುತ್ತದೆ, ಒಂದು ಹಿಡಿ ಮಣ್ಣೂ ಹೊರಗೆ ಬರುವುದಿಲ್ಲ. ಒಳಗೆ ಹೋದ ಇರುವೆ ಮುಂದೆ ದಟ್ಟಣೆ ಕಂಡರೆ ತೋಡದೆ ಹಾಗೇ ವಾಪಸ್ ಬರುತ್ತದೆ. ಅವರು ಪುಟ್ಟ ರೋಬೋಟ್‌ಗಳಿಂದಲೂ ಇದನ್ನೇ ಮಾಡಿಸಿ ನೋಡಿದರು. ಎಲ್ಲವೂ ಶ್ರಮಪಟ್ಟಾಗ ಸಿಕ್ಕಿಹಾಕಿಕೊಂಡವು.

ಬಿಸಿಲುಕುದುರೆ:

ಎಲ್ಲರೂ ಗುಂಪಿನ ಗುಣಗಾನವನ್ನೇ ಮಾಡುತ್ತಿದ್ದೀರಿ. ಒಂಟಿ ಇರುವೆಯ ಪರವಾಗಿ ನಾನು ನಿಲ್ಲುತ್ತೇನೆ.

ಟ್ಯುನೀಷಿಯಾದ ಉಪ್ಪಿನ ಬಯಲಿನಲ್ಲಿ ಕಟಾಗ್ಲಿಫಿಸ್ ಅನ್ನುವ ಮರುಭೂಮಿ ಇರುವೆ ಇದೆ. ಸುಡು ಬಿಸಿಲಿನಲ್ಲಿ ಅದು ಒಂಟಿಯಾಗಿ ಹೊರಡುತ್ತದೆ. ವಾಸನೆಯ ದಾರಿ ಬಿಡುವುದಿಲ್ಲ, ಜೊತೆಗಾರರಿಲ್ಲ. ಬಿಸಿಲಿಗೆ ಸತ್ತ ಹುಳುಗಳನ್ನು ಹುಡುಕಿಕೊಂಡು ಅಲ್ಲಿ ಇಲ್ಲಿ ತಿರುಗುತ್ತಾ ನೂರು ಮೀಟರಿಗೂ ಆಚೆ ಹೋಗಬಲ್ಲದು. ಹುಳು ಸಿಕ್ಕಿದ ತಕ್ಷಣ ನೇರ ಗೆರೆ ಎಳೆದ ಹಾಗೆ ಗೂಡಿಗೆ ಓಡುತ್ತದೆ. ಬಂದ ದಾರಿಯಲ್ಲಿ ಅಲ್ಲ, ಅಡ್ಡ ದಾರಿಯಲ್ಲಿ! ದಿಕ್ಕಿಗೆ ಆಕಾಶದ ಬೆಳಕು. ದೂರಕ್ಕೆ ಅದು ತನ್ನ ಹೆಜ್ಜೆಯನ್ನೇ ಲೆಕ್ಕ ಇಡುತ್ತದೆ. 2006ರಲ್ಲಿ ಸಂಶೋಧಕರು ಹುಳು ಸಿಕ್ಕ ಜಾಗದಲ್ಲಿ ಕೆಲವು ಇರುವೆಗಳ ಕಾಲಿಗೆ ಹಂದಿಯ ಕೂದಲನ್ನು ಅಂಟಿಸಿ ಮರಗಾಲು ಮಾಡಿದರು. ಕಾಲು ಉದ್ದವಾದ ಇರುವೆ ಗೂಡನ್ನು ದಾಟಿ ಮುಂದೆ ಹೋಗಿ ಹುಡುಕಿತು. ಕಾಲು ಗಿಡ್ಡ ಮಾಡಿದ ಇರುವೆ ಗೂಡು ಬರುವ ಮೊದಲೇ ನಿಂತು ಹುಡುಕಿತು.

ಇದನ್ನು ತಂಡದ ಕೆಲಸ ಅನ್ನೋದು ಹೇಗೆ? ಒಂದು ಇರುವೆ, ಅದರ ತಲೆ, ಅದರ ಕಾಲು. ಅಷ್ಟೇ ಇರೋದು.

ಸಂಜೆಮಲ್ಲಿಗೆ:

ಆದರೆ ಆ ಹುಳುವನ್ನು ಅದು ತರೋದು ಯಾರಿಗೆ? ಗೂಡಿಗೇ ಅಲ್ವಾ? ಒಂಟಿಯಾಗಿ ಹೋಗುವುದು ಬೇರೆ, ತನಗೋಸ್ಕರ ಹೋಗುವುದು ಬೇರೆ.

ಬಿಸಿಲುಕುದುರೆ:

ಒಪ್ಪಿದೆ ಮೇಡಂ. ಆ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ.

ಆದರೆ ಇರುವೆಗೆ 'ತನ್ನದು' ಅನ್ನೋದೇ ಇಲ್ಲ ಅಂತ ಮಾತ್ರ ಹೇಳಬೇಡಿ. ಭಾರತದಲ್ಲಿ ಜಿಗಿಯುವ ಇರುವೆ ಒಂದಿದೆ, ಹಾರ್ಪೆಗ್ನಾಥಸ್. ದೊಡ್ಡ ಕಣ್ಣು, ಉದ್ದನೆ ದವಡೆ. ಇದೂ ಒಂಟಿ ಬೇಟೆಗಾರ. ಇದರ ಗೂಡಿನಲ್ಲಿ ರಾಣಿ ಸತ್ತರೆ ಕೆಲಸಗಾರ ಇರುವೆಗಳು ಕುಡಿಮೀಸೆಯಿಂದ ಬಡಿದಾಡಿಕೊಳ್ಳಲು ಶುರು ಮಾಡುತ್ತವೆ. ವಾರಗಟ್ಟಲೆ ನಡೆಯುತ್ತದೆ. ಗೆದ್ದ ಕೆಲವು ಮೊಟ್ಟೆ ಇಡಲು ತೊಡಗುತ್ತವೆ. ಅವುಗಳ ಮಿದುಳು ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ, ಯಾಕೆಂದರೆ ಇನ್ನು ಬೇಟೆಯಿಲ್ಲ. ಅಂಥ ಇರುವೆಯನ್ನು ಬೇರೆ ಇಟ್ಟರೆ ಮೊಟ್ಟೆ ನಿಲ್ಲುತ್ತದೆ, ಮತ್ತೆ ಕೆಲಸಗಾರ ಇರುವೆಯಾಗುತ್ತದೆ, ಮಿದುಳೂ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಇದು 2021ರಲ್ಲಿ ಪ್ರಕಟವಾದ ಸಂಶೋಧನೆ. ಮಿದುಳು ಹೀಗೆ ಕುಗ್ಗಿ ಮತ್ತೆ ಹಿಗ್ಗುವ ಕೀಟ ಇದೆ ಅಂತ ತಿಳಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮುಂಜಾವು:

ಈಗ ಜಿರಲೆಗೆ ಬರೋಣ. ಹಿತ್ತಿಲಗಿಡ ಅವರೇ, ನೀವು ನೋಡಿದ ಇರುವೆ ಕಪ್ಪಗಿತ್ತಾ? ಕಾಲು, ಮೀಸೆ ಉದ್ದ, ಅಡ್ಡಾದಿಡ್ಡಿ ಓಟ? ಹಾಗಿದ್ದರೆ ಅದು ಲೋಕದ ಬೆಚ್ಚನೆಯ ನಾಡುಗಳಲ್ಲೆಲ್ಲ ಹರಡಿರುವ ಹುಚ್ಚು ಇರುವೆ ಆಗಿರಬಹುದು. ಹೆಸರೇ ಹಾಗೆ, ಅದರ ಓಟದಿಂದ ಬಂದದ್ದು.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಓಫರ್ ಫೈನರ್‌ಮನ್ ತಂಡ ಈ ಇರುವೆ ಹೊರೆ ಎಳೆಯುವುದನ್ನು ವರ್ಷಗಟ್ಟಲೆ ನೋಡಿದೆ. ಹೊರೆ ಹಿಡಿದ ಇರುವೆಗೆ ಗೂಡು ಯಾವ ಕಡೆ ಅನ್ನೋದು ಬೇಗ ತಪ್ಪಿಹೋಗುತ್ತದೆ. ಸುತ್ತ ಹೊರೆ, ಪಕ್ಕದಲ್ಲಿ ಬೇರೆ ಇರುವೆಗಳು. ಅದು ಹೊರೆ ಎತ್ತ ಸರಿಯುತ್ತಿದೆ ಅಂತ ಬಾಯಿಯ ಹಿಡಿತದಲ್ಲೇ ತಿಳಿದುಕೊಂಡು ಅತ್ತಲೇ ಜೋರು ಕೊಡುತ್ತದೆ. ಬಹುಮತದ ಕಡೆ ವಾಲುತ್ತದೆ ಅನ್ನಿ. ಹೀಗಾಗಿ ಬಲ ಒಟ್ಟಾಗುತ್ತದೆ. ಆದರೆ ದಿಕ್ಕು ತಪ್ಪಿದ್ದರೆ ಎಲ್ಲವೂ ಸೇರಿ ತಪ್ಪು ಕಡೆಗೇ ಎಳೆಯುತ್ತವೆ.

ನಿಮ್ಮ ಓಡಾಡುವ ಇರುವೆಗಳು ಬೇಕಾಗೋದು ಇಲ್ಲೇ. ಸುತ್ತ ತಿರುಗಿ ಬಂದ ಒಂದು ಇರುವೆಗೆ ಗೂಡಿನ ದಾರಿ ಹೊಸದಾಗಿ ಗೊತ್ತಿರುತ್ತದೆ. ಅದು ಬಂದು ಹೊರೆಗೆ ಬಾಯಿ ಹಾಕಿ ತನಗೆ ಗೊತ್ತಿರುವ ಕಡೆ ಎಳೆಯುತ್ತದೆ. ಉಳಿದವು ಆ ಸಣ್ಣ ಎಳೆತವನ್ನು ಗ್ರಹಿಸಿ ಅತ್ತ ತಿರುಗುತ್ತವೆ. ಒಂದು ಇರುವೆ ಇಡೀ ಹೊರೆಯ ದಿಕ್ಕು ಬದಲಾಯಿಸುತ್ತದೆ! ಕೆಲವೇ ಸೆಕೆಂಡು ಮಾತ್ರ. ಆಮೇಲೆ ಅದಕ್ಕೂ ದಾರಿ ತಪ್ಪುತ್ತದೆ, ಅದೂ ಹತ್ತರಲ್ಲಿ ಒಂದಾಗಿ ಎಳೆಯುತ್ತದೆ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಬಲ ಗುಂಪಿನದು, ದಿಕ್ಕು ಒಂದು ಇರುವೆಯದು. ಆ ಒಂದು ಯಾವುದು ಅನ್ನೋದು ಮಾತ್ರ ಬದಲಾಗುತ್ತಲೇ ಇರುತ್ತದೆ. ನಾಲ್ಕು ಚುರುಕು ಇರುವೆಗಳನ್ನು ಹುಡುಕಿದರೆ ನಿಮಗೆ ಸಿಗುವುದಿಲ್ಲ.

ಲೆಕ್ಕದಮೇಷ್ಟ್ರು:

ಬಹಳ ಚೆನ್ನಾಗಿ ಹೇಳಿದಿರಿ. ಅದೇ ತಂಡ 2024ರಲ್ಲಿ ಇರುವೆಗೂ ಮನುಷ್ಯರಿಗೂ ಒಂದೇ ಒಗಟು ಕೊಟ್ಟಿತು. ಇಂಗ್ಲಿಷಿನ ಟಿ ಅಕ್ಷರದ ಆಕಾರದ ವಸ್ತುವನ್ನು ಎರಡು ಕಿರಿದಾದ ಸಂದಿಗಳ ಮೂಲಕ ದಾಟಿಸಬೇಕು. ಇರುವೆಗೆ ಇರುವೆಯ ಅಳತೆಯದು, ಮನುಷ್ಯರಿಗೆ ಮನುಷ್ಯರ ಅಳತೆಯದು. ಒಂದೇ ಇರುವೆ, ಏಳರಷ್ಟು ಇರುವೆ, ಎಂಬತ್ತರಷ್ಟು ಇರುವೆ, ಹೀಗೆ ಮೂರು ಬಗೆ. ದೊಡ್ಡ ಗುಂಪಿನ ಇರುವೆಗಳು ಒಂಟಿ ಇರುವೆಗಿಂತ ಎಷ್ಟೋ ಚೆನ್ನಾಗಿ ಮಾಡಿದವು. ಗುಂಪು ಹಿಡಿದ ದಿಕ್ಕನ್ನು ಬಿಡದೆ ಗೋಡೆಯುದ್ದಕ್ಕೂ ಸಾಗಿ ದಾರಿ ಕಂಡುಕೊಂಡಿತು. ಮಾಡಿದ ತಪ್ಪನ್ನೇ ಮತ್ತೆ ಮಾಡುವುದು ಕಡಿಮೆಯಾಯಿತು.

ಮನುಷ್ಯರಿಗೆ ಗುಂಪಿನಿಂದ ಅಂಥ ಲಾಭ ಆಗಲಿಲ್ಲ. ಕೆಲವು ಸಲ ಮಾತು, ಸನ್ನೆ ಎರಡನ್ನೂ ನಿಲ್ಲಿಸಿ, ಮಾಸ್ಕ್ ಮತ್ತು ಕಪ್ಪು ಕನ್ನಡಕ ಹಾಕಿಸಿದ್ದರು. ಆಗ ಗುಂಪು ಒಂಟಿ ಮನುಷ್ಯನಿಗಿಂತಲೂ ಹಿಂದೆ ಬಿತ್ತು. ಒಬ್ಬ ಮನುಷ್ಯ ಒಂದು ಇರುವೆಗಿಂತ ಬಹಳ ಬುದ್ಧಿವಂತ, ಅದು ನಿಜ. ಆದರೆ ಬುದ್ಧಿ ಒಬ್ಬೊಬ್ಬರ ತಲೆಯೊಳಗೇ ಉಳಿದರೆ ಅದನ್ನು ಕೂಡಿಸಲು ಮಾತೇ ಬೇಕಾಗುತ್ತದೆ.

ಗೊದ್ದ:

ಗುಂಪು ಯಾವಾಗಲೂ ಮೇಲು ಅಂತ ಇರುವೆಯಲ್ಲೂ ಇಲ್ಲ, ಮೇಷ್ಟ್ರೇ. ಮುಂಜಾವು ಹೇಳಿದ ಅದೇ ಚಿಕ್ಕ ಇರುವೆಗಳಿಗೆ ತಕಾವೊ ಸಸಾಕಿ, ಸ್ಟೀಫನ್ ಪ್ರ್ಯಾಟ್ ಮತ್ತು ಅವರ ಜೊತೆಯವರು ಎರಡು ಹೊಸ ಗೂಡು ತೋರಿಸಿದರು. ಅವಕ್ಕೆ ಕತ್ತಲೆ ಗೂಡು ಇಷ್ಟ. ಎರಡರ ಕತ್ತಲೆಯಲ್ಲಿ ವ್ಯತ್ಯಾಸ ಬಹಳ ಕಮ್ಮಿ ಇದ್ದಾಗ ಇಡೀ ಗೂಡಿನ ತೀರ್ಮಾನ ಒಂಟಿ ಇರುವೆಗಿಂತ ಸರಿ ಇತ್ತು. ವ್ಯತ್ಯಾಸ ಎದ್ದು ಕಾಣುವಾಗ ಒಂಟಿ ಇರುವೆಯೇ ಗೆದ್ದಿತು. ಒಂಟಿ ಇರುವೆ ಎರಡೂ ಕಡೆ ಹೋಗಿ ತಾನೇ ಹೋಲಿಸುತ್ತದೆ. ಗುಂಪಿನಲ್ಲಿ ಹೆಚ್ಚಿನವು ಒಂದನ್ನೇ ನೋಡಿರುತ್ತವೆ. ಮೊದಲು ನಾಲ್ಕು ಇರುವೆ ತಪ್ಪು ಗೂಡಿಗೆ ಕರೆತಂದರೆ ಉಳಿದವೂ ಅತ್ತಲೇ ಹರಿಯುತ್ತವೆ. ಇದು 2013ರ ಕೆಲಸ.

ಇನ್ನೂ ಕಹಿಯಾದ ಉದಾಹರಣೆ ಇದೆ. ದಕ್ಷಿಣ ಅಮೆರಿಕದ ಸೈನಿಕ ಇರುವೆಗಳಿಗೆ ಕಣ್ಣು ಮಂದ. ಮುಂದಿನ ಇರುವೆಯ ವಾಸನೆ ಹಿಡಿದು ನಡೆಯುತ್ತವೆ. ಸಾಲು ಮುಖ್ಯ ಗುಂಪಿನಿಂದ ಕಳಚಿಕೊಂಡು ತನ್ನ ಬಾಲವನ್ನೇ ಮುಟ್ಟಿದರೆ ಮುಗಿಯಿತು. ವೃತ್ತದಲ್ಲಿ ತಿರುಗಿ ತಿರುಗಿ ಸಾಯುತ್ತವೆ. ಗಯಾನಾದಲ್ಲಿ ಕಂಡ ಅಂಥ ಒಂದು ವೃತ್ತದ ಬಗ್ಗೆ ವಿಲಿಯಂ ಬೀಬ್ 1921ರಲ್ಲಿ ಬರೆದಿದ್ದಾರೆ. ಸುತ್ತಳತೆ 1,200 ಅಡಿ. ಒಂದು ಇರುವೆಗೆ ಒಂದು ಸುತ್ತು ಮುಗಿಸಲು ಎರಡೂವರೆ ಗಂಟೆ. ಅಲ್ಲಿ ಬೇರೆ ಕಡೆಯಿಂದ ಬಂದು ದಿಕ್ಕು ತಿರುಗಿಸುವ ಒಂದು ಇರುವೆ ಇರಲಿಲ್ಲ.

ಸಂಜೆಮಲ್ಲಿಗೆ:

ಅಯ್ಯೋ, ಓದಲು ಕಷ್ಟವಾಯಿತು. ಒಂದೇ ಮನಸ್ಸು ಅಂತ ನಾನು ಮೊದಲು ಬರೆದದ್ದನ್ನು ವಾಪಸ್ ತಗೊಳ್ತೀನಿ.

ಒಂದು ಕೇಳಬೇಕು. ಗೊತ್ತಿರುವ ಇರುವೆ ಗೊತ್ತಿಲ್ಲದ ಇರುವೆಗೆ ಕಲಿಸುವುದು ಅಂತ ಏನಾದರೂ ಇದೆಯಾ?

ಮುಂಜಾವು:

ಇದೆ, ಮತ್ತು ಅದು ತುಂಬ ಸುಂದರವಾಗಿದೆ. ಇಬ್ಬರ ನಡಿಗೆ. ಆಹಾರದ ಜಾಗ ಗೊತ್ತಿರುವ ಇರುವೆ ಮುಂದೆ, ಗೊತ್ತಿಲ್ಲದ್ದು ಹಿಂದೆ. ಹಿಂದಿನದು ಸುತ್ತ ನೋಡಿ ದಾರಿಯ ಗುರುತು ಹಿಡಿಯಲು ನಿಲ್ಲುತ್ತದೆ. ಮುಂದಿನದೂ ನಿಲ್ಲುತ್ತದೆ. ಹಿಂದಿನದು ಬಂದು ಮೀಸೆಯಿಂದ ಮುಂದಿನದರ ಕಾಲು, ಹೊಟ್ಟೆ ತಟ್ಟಿದ ಮೇಲೆಯೇ ಅದು ಮುಂದೆ ಹೆಜ್ಜೆ ಇಡುತ್ತದೆ. ಒಂಟಿಯಾಗಿದ್ದರೆ ಅದು ಸುಮಾರು ನಾಲ್ಕು ಪಟ್ಟು ಬೇಗ ತಲುಪುತ್ತಿತ್ತು. ನೈಜೆಲ್ ಫ್ರ್ಯಾಂಕ್ಸ್ ಮತ್ತು ಟಾಮ್ ರಿಚರ್ಡ್‌ಸನ್ 2006ರಲ್ಲಿ ಇದನ್ನು ಕಲಿಸುವುದು ಅಂತಲೇ ಕರೆದರು. ಮೇಲಿನ ಎಲ್ಲ ಪ್ರಯೋಗಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದು.

ಹಿತ್ತಿಲಗಿಡ:

ಎಲ್ಲರಿಗೂ ಕೈ ಮುಗಿದೆ. ಇವತ್ತು ಮತ್ತೆ ನೋಡಿದೆ. ಹೌದು, ಕಪ್ಪು, ಉದ್ದ ಕಾಲು. ಒಂದು ಸತ್ತ ನೊಣ ಇಟ್ಟು, ಗುಂಪು ನೋಡದೆ ಹೊರಗಿನಿಂದ ಬರುವ ಇರುವೆಗಳನ್ನೇ ನೋಡುತ್ತಾ ಕೂತೆ. ನೊಣ ನೆಲದ ಸಂದಿಯ ಅಂಚಿಗೆ ಸಿಕ್ಕಿಕೊಂಡಿತ್ತು. ಎಲ್ಲವೂ ಅತ್ತಲೇ ಒತ್ತುತ್ತಿದ್ದವು. ಎಡಗಡೆಯಿಂದ ಒಂದು ಓಡಿಬಂತು, ನೊಣದ ರೆಕ್ಕೆ ಕಚ್ಚಿ ಪಕ್ಕಕ್ಕೆ ಎಳೆಯಿತು. ನೊಣ ತಿರುಗಿತು! ಖುಷಿಯಲ್ಲಿ ಕಣ್ಣು ಮಿಟುಕಿಸಿದೆ ಅಷ್ಟೇ. ಆಮೇಲೆ ಆ ಗುಂಪಿನಲ್ಲಿ ಅದು ಯಾವುದು ಅಂತ ಗೊತ್ತೇ ಆಗಲಿಲ್ಲ.

ಬಣ್ಣದ ಚುಕ್ಕಿ ಇಡೋದು ಮನೆಯಲ್ಲಿ ಮಾಡಬಹುದಾ?

ಮುಂಜಾವು:

ಬೇಡ. ಅಷ್ಟು ಚಿಕ್ಕ ಇರುವೆಗೆ ಬಣ್ಣದ ಹನಿಯೇ ಭಾರ. ಮೀಸೆಗೆ, ಉಸಿರಾಡುವ ರಂಧ್ರಕ್ಕೆ ತಾಗಿದರೆ ಸಾಯಲೂಬಹುದು. ಫೋನನ್ನು ಎರಡು ಪುಸ್ತಕದ ಮಧ್ಯೆ ಕೆಳಮುಖವಾಗಿ ನಿಲ್ಲಿಸಿ ವಿಡಿಯೊ ಮಾಡಿ. ನಿಧಾನವಾಗಿ ಓಡಿಸಿ, ನೊಣ ತಿರುಗಿದ ಕ್ಷಣದಿಂದ ಹಿಂದಕ್ಕೆ ಹೋಗಿ. ಯಾವ ಇರುವೆ ಅಂತ ಸಿಗುತ್ತದೆ.

ಹಿತ್ತಿಲಗಿಡ:

ಸರಿ. ನಾಳೆ ಬೆಳಗ್ಗೆ ಬಿಸಿಲು ಏರುವ ಮೊದಲೇ ಕೂರುತ್ತೇನೆ. ನೊಣ ಇನ್ನೂ ಅರ್ಧ ದಾರಿಯಲ್ಲಿದೆ.